ತಮ್ಮನ ಕಪಾಟಿನಲ್ಲಿದ್ದ ಪಾಸ್‌ಬುಕ್

ಗೆಳತಿಯರೇ, ಸರ್ಕಾರದ ಕಣ್ಣು ಎಷ್ಟು ದೂರ ಕಾಣುತ್ತದೆ ಎಂದು ಇಂದು ತಿಳಿಯಿತು. ಯಜಮಾನರು ತೀರಿಕೊಂಡ ಮೇಲೆ ಅವರ ಮಳಿಗೆಗಳು ನನ್ನ ಹೆಸರಿಗೆ ಬಂದಿರುವುದರಿಂದ, ಮೊದಲ ಸಲ ಆದಾಯ ತೆರಿಗೆ ರಿಟರ್ನ್ಸ್ ತುಂಬಲು ಸೊಸೆಯೊಂದಿಗೆ ದಾಂಡೇಲಿಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿದ್ದೆ.

"ಮಳಿಗಿ ಬಾಡಿಗಿ, ಇಷ್ಟ ನೋಡಪಾ. ನಮ್ಮ ಮನ್ಯಾಗ ಮುಚ್ಚಿಡೋ ಪದ್ಧತಿ ಇಲ್ಲ," ಎಂದು ಸೊಸೆಗೂ ಕೇಳಿಸುವಂತೆ ಹೇಳಿದೆ. ಅವಳಿಂದ ಸಂತೆಯ ಲೆಕ್ಕವನ್ನೂ ಕೇಳುವವಳು ನಾನು.

ಅಂಗಡಿಯವನು ನನ್ನ ಪ್ಯಾನ್ ಸಂಖ್ಯೆ ಒತ್ತಿ, ಪರದೆ ತಿರುಗಿಸಿದ. "ಅಮ್ಮಾರ, ಮುಂಡಗೋಡ ಬ್ಯಾಂಕಿನ ಠೇವಣಿ ಬಡ್ಡಿ ಬಿಟ್ಟೀರಲ್ರಿ?"

ಆ ಠೇವಣಿ ಯಜಮಾನರಿಗೇ ಗೊತ್ತಿರಲಿಲ್ಲ. ತವರಿನ ಕಡೆಯ ಬ್ಯಾಂಕಿನಲ್ಲಿಟ್ಟರೆ ಗಂಡನ ಮನೆಗೆ ತಿಳಿಯದೆಂದು ನಮ್ಮವ್ವ ಕಲಿಸಿದ್ದಳು. ಪಾಸ್‌ಬುಕ್ ಇಂದಿಗೂ ಮುಂಡಗೋಡದ ಹತ್ತಿರದ ನನ್ನ ತವರೂರು ಇಂದೂರಿನಲ್ಲಿ ತಮ್ಮನ ಕಪಾಟಿನಲ್ಲಿದೆ. ಆ ಕಪಾಟಿನ ಬೀಗ ಮುಟ್ಟದೆ ಸರ್ಕಾರದವರು ಪೈಸೆ ಸಮೇತ ಬರೆದಿಟ್ಟಿದ್ದಾರೆ! ಪರದೆಗೆ ಕೈಮುಗಿಯುವುದೊಂದು ಬಾಕಿ.

"ಬರಕೋ," ಎಂದೆ.

ಸೊಸೆ ನಗುತ್ತಾಳೆಂದುಕೊಂಡೆ. ಅವಳ ಮುಖ ಬಿಳಿಚಿಕೊಂಡಿತ್ತು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು: "ಅತ್ತೀ, ಹಂಗಾದ್ರ ನಂದೂ ಕಾಣತೈತೇನ್ರಿ?"

"ಕಾಣತೈತಿ. ನೀನೂ ತುಂಬಿ ಬಿಡು."

ಅವಳದು ಯಾವ ಊರಿನ ಬ್ಯಾಂಕು ಎಂದು ಇಲ್ಲಿ ಬರೆಯುವುದಿಲ್ಲ. ಸರ್ಕಾರಕ್ಕೆ ಗೊತ್ತಿದ್ದರೆ ಸಾಕು. ಇದನ್ನು ನನ್ನ ಮಗನೂ ಓದುತ್ತಾನೆ.