ಕುಸುಮತಾಯಿಯ ದುಭಾಷಿ

ಸೊಲ್ಲಾಪುರದ ನಮ್ಮ ಮನೆಯಲ್ಲಿ ವ್ಯಾಪಾರ ಮರಾಠಿಯಲ್ಲಿಯೂ ಬೈಗುಳ ಕನ್ನಡದಲ್ಲಿಯೂ ನಡೆಯುತ್ತಿದ್ದವು. ಮುಂದಿನ ಅಂಗಡಿಯಲ್ಲಿ ಚಾದರಿನ ಅಂಚು ತೋರಿಸುತ್ತ ಗಿರಾಕಿಯೊಡನೆ ಮಧುರವಾದ ಮರಾಠಿಯಾಡುತ್ತಿದ್ದ ಅಪ್ಪ, ನಡುಮನೆಯ ಹೊಸ್ತಿಲು ದಾಟಿದೊಡನೆ, ಚಹಾ ತಡವಾದದ್ದಕ್ಕೆ ಕನ್ನಡಕ್ಕಿಳಿಯುತ್ತಿದ್ದರು. ಎರಡು ಭಾಷೆಗಳು ಹೀಗೆ ಜಗಳವಿಲ್ಲದೆ ಕೆಲಸ ಹಂಚಿಕೊಂಡಿದ್ದ ಮನೆಯಲ್ಲಿ ಬೆಳೆದವಳಿಗೆ ಒಂದರ ಮಾತನ್ನು ಇನ್ನೊಂದಕ್ಕೆ ದಾಟಿಸುವುದೇನು ಕಷ್ಟ ಎಂದು ನಿಮಗನ್ನಿಸಬಹುದು. ನನಗೂ ಹಾಗೆಯೇ ಅನ್ನಿಸಿತ್ತು.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿದ್ದೆ ಎಂದರೆ ನನಗೆ ವರ ನೋಡುತ್ತಿದ್ದರು ಎಂದರ್ಥ. ಅಕ್ಕಲಕೋಟೆಯ ರಸ್ತೆಯಿಂದ ಒಳಗಿರುವ ಒಂದು ಊರಿಗೆ ಕೊಟ್ಟಿದ್ದ ನನ್ನ ಸೋದರತ್ತೆ, ತನ್ನ ಗಂಡನ ಅಣ್ಣನ ಮಗನಿಗೆ ನನ್ನನ್ನು ತಂದುಕೊಳ್ಳುವ ಮಾತನ್ನು ಅರ್ಧ ಮುಗಿಸಿಯೂ ಇದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಅಂಗಡಿಗೆ ಕುಸುಮತಾಯಿ ಬಂದರು. ಶಾಲೆಯ ನೌಕರಿ ಬಿಟ್ಟು ಹಳ್ಳಿಗಳ ನೀರಿನ ಪ್ರಶ್ನೆ ಹಿಡಿದು ತಿರುಗುತ್ತಿದ್ದ, ಬಿಸಿಲಿಗೂ ಮಳೆಗೂ ಒಂದೇ ಕೊಡೆಯ, ನಡುವಯಸ್ಸಿನ ಹೆಂಗಸು. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ; ಅದೇ ಮಾತು ಕನ್ನಡದ ಕಿವಿಗೆ ಬಿದ್ದರೆ ತಾಯಿ. ನಾಲ್ಕು ಹೆಜ್ಜೆ ಆಚೆಯ ಹಳ್ಳಿಗೆ ಹೋದರೆ ಅಕ್ಕನಾಗಿದ್ದವಳು ಅಮ್ಮನಾಗುವ ಈ ಬಡ್ತಿಯ ಬಗ್ಗೆ ಅವರಿಗೆ ತಕರಾರಿರಲಿಲ್ಲ.

ನೂಲಿಗೆ ಬಣ್ಣ ಹಾಕುವ ನಮ್ಮ ಕಾರಖಾನೆಯೂ ಅದರ ಅಕ್ಕಪಕ್ಕದವೂ ಹಳ್ಳಕ್ಕೆ ಬಿಡುವ ನೀರು ಕೆಳಗಿನ ಊರುಗಳ ಬಾವಿಗೆ ಇಳಿಯುತ್ತಿದೆ ಎಂದು ಅವರು ಹೇಳಿದರು. ಅಪ್ಪ ಚಹಾ ತರಿಸಿದರು. ಆ ಊರುಗಳಲ್ಲೊಂದು ತಮ್ಮ ತಂಗಿಯದೇ ಎಂದೂ, ತಂಗಿ ಒಮ್ಮೆಯೂ ದೂರಿಲ್ಲವೆಂದೂ ವಿನಯದಿಂದ ತಿಳಿಸಿದರು. “ಅಲ್ಲಿಯ ಹೆಂಗಸರಿಗೆ ಮರಾಠಿ ಬಾರದು, ನನಗೆ ಕನ್ನಡ ಬಾರದು, ದೂರು ಯಾರ ಕಿವಿಗೆ ಬೀಳಬೇಕು?” ಎಂದರು ಕುಸುಮತಾಯಿ. ಅಪ್ಪ ನನ್ನತ್ತ ಕೈತೋರಿ, “ಇವಳನ್ನು ಕರೆದುಕೊಂಡು ಹೋಗಿ, ಎರಡೂ ಬರುತ್ತವೆ,” ಎಂದು ಮರಾಠಿಯಲ್ಲಿ ಹೇಳಿಬಿಟ್ಟರು. ತಂಗಿಯ ಊರಿನಿಂದ ದೂರು ಬರಲಾರದು, ಮಗಳಿಂದಂತೂ ಬರಲಾರದು ಎಂಬ ಅವರ ಲೆಕ್ಕಾಚಾರದಲ್ಲಿ ತಪ್ಪು ಹುಡುಕುವುದು ಆಗ ಯಾರಿಗೂ ಸಾಧ್ಯವಿರಲಿಲ್ಲ.

ಬಸ್ಸಿನಲ್ಲಿ ನಾನು, ಈ ಕೆಲಸ ಏಕೆ ಹಿಡಿದಿರಿ ಎಂದು ಕೇಳಿದೆ. ಇಂಥವರು ದೊಡ್ಡ ಉತ್ತರ ಇಟ್ಟುಕೊಂಡಿರುತ್ತಾರೆ ಎಂಬ ನಂಬಿಕೆ ನನಗಿತ್ತು. “ಶಾಲೆಯಲ್ಲಿ ಶುದ್ಧ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಕಲಿಸುತ್ತಿದ್ದೆ. ಒಬ್ಬ ಹುಡುಗಿ ಎದ್ದುನಿಂತು, ನಮ್ಮೂರಿನದಕ್ಕೆ ಇದೆ ಟೀಚರ್ ಎಂದಳು. ಕುಳಿತುಕೋ ಎಂದೆ. ಆಮೇಲೆ ಹೋಗಿ ನೋಡಿದೆ, ಇತ್ತು,” ಎಂದು ಮರಾಠಿಯಲ್ಲಿ ಹೇಳಿ, ಕೊಡೆಯನ್ನು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು ನಿದ್ದೆಹೋದರು.

ಊರಿನಲ್ಲಿ ಎರಡು ಬಾವಿಗಳು. ಮೇಲಿನದು ಆಳವಾದದ್ದು, ಕಲ್ಲು ಕಟ್ಟಿದ್ದು, ಒಕ್ಕಲು ಮನೆಗಳದು. ಅತ್ತೆಯ ಮನೆಯೂ ಅದರದ್ದೇ. ಕೆಳಗಿನದು ಹಳ್ಳದ ಮಗ್ಗುಲಿನದು, ತಗ್ಗಾದದ್ದು, ದಲಿತರ ಕೇರಿಯದು. ಬಣ್ಣ ಇಳಿದದ್ದು ಕೆಳಗಿನದಕ್ಕೆ. ಸೊಲ್ಲಾಪುರದಲ್ಲಿ ಯಾವ ಚಾದರಿಗೆ ಬೇಡಿಕೆಯಿದೆ ಎಂಬುದು ನಮ್ಮಪ್ಪನಿಗಿಂತ ಮೊದಲು ಈ ಕೇರಿಗೆ ತಿಳಿಯುತ್ತಿತ್ತು. ನಾವು ಹೋದಾಗ ಹಸಿರಿನ ಕಾಲ. ತಂತಿಯ ಮೇಲೆ ಒಣಹಾಕಿದ್ದ ಧೋತರ, ಅಂಗಿ, ಕೂಸಿನ ಕುಲಾವಿ, ಎಲ್ಲವೂ ಹುಲ್ಲಿನ ಛಾಯೆಗೆ ತಿರುಗಿದ್ದವು. ಮಕ್ಕಳ ಮೈಮೇಲೆ ಕೆರೆದ ಗಾಯಗಳಿದ್ದವು. ಈ ಎರಡನೆಯದನ್ನು ನೋಡಿದ ಮೇಲೆ ಮೊದಲನೆಯದರ ತಮಾಷೆ ನನಗೆ ಉಳಿಯಲಿಲ್ಲ.

ಕುಸುಮತಾಯಿ ಸುತ್ತ ನೆರೆದವರಿಗೆ, ಈ ನೀರು ನಿಲ್ಲಿಸಲು ಅರ್ಜಿ ಹಾಕೋಣ, ಕಾರಖಾನೆಯವರನ್ನು ಕಾಣೋಣ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಶಾಂತವ್ವ ಎಂಬ ನನಗಿಂತ ಸ್ವಲ್ಪ ಹಿರಿಯಳು, ಸೊಂಟದಲ್ಲಿ ಕೂಸು ಹೊತ್ತವಳು, ಪೂರ್ತಿ ಕೇಳಿಸಿಕೊಂಡಳು.

“ನೀರು ನಿಂದ್ರಸ್ರಿ, ಬ್ಯಾಡ ಅನ್ನಂಗಿಲ್ಲ,” ಎಂದಳು. “ಅದು ನಿಂದ್ರೂತನಕ ನಾವು ಕುಡಿಯೂದು ಏನು? ಮ್ಯಾಲ ಒಂದು ಬಾವಿ ಐತಲ್ಲ, ಅದಕ್ಕ ಬಣ್ಣ ಇಲ್ಲ. ಅದನ್ನ ಕೇಳ್ರಿ ಮೊದಲ.”

ನಾನು ಮರಾಠಿಯಲ್ಲಿ ಹೇಳಿದೆ. ಹಳ್ಳದ ನೀರಿಗೆಂದು ಬಂದ ಕುಸುಮತಾಯಿಯ ಕೈಗೆ ಬಾವಿಯ ಪ್ರಶ್ನೆ ಬಂದಿತ್ತು. “ಈಕೆಯ ಮಾತೇ ಸರಿ,” ಎಂದು ಎದ್ದರು. “ಮೇಲಿನ ಬಾವಿ ಯಾರನ್ನು ಕೇಳಬೇಕು?”

ಅತ್ತೆಯ ಗಂಡನನ್ನು, ಊರಿನ ಗೌಡರಾದ ನಮ್ಮ ಮಾವನನ್ನು ಕೇಳಬೇಕಾಗಿತ್ತು.

ಮಾವ ಕಟ್ಟೆಯ ಮೇಲೆ ಕುಳಿತಿದ್ದರು. ಅತ್ತೆಯೂ ಮನೆಯ ಹೆಂಗಸರೂ ಬಾಗಿಲ ಹಿಂದೆ ನಿಂತಿದ್ದರು. ಶಾಂತವ್ವ ಅಂಗಳದ ಆಚೆ. ಕುಸುಮತಾಯಿ ಮರಾಠಿಯಲ್ಲಿ ಹೇಳಿದ್ದೆಲ್ಲ ಮಾವನಿಗೆ ಅಕ್ಷರಶಃ ತಿಳಿಯುತ್ತಿತ್ತು. ಸೊಲ್ಲಾಪುರದ ಪೇಟೆಯಲ್ಲಿ ಜೀವಮಾನವೆಲ್ಲ ಜೋಳ ಮಾರಿದವರು. ಆದರೂ ಪ್ರತಿ ವಾಕ್ಯ ಮುಗಿದಾಗ ನನ್ನ ಮುಖ ನೋಡುತ್ತಿದ್ದರು. ಮರಾಠಿಯಲ್ಲಿದ್ದಷ್ಟು ಹೊತ್ತು ಅದು ಕಚೇರಿಯ ಮಾತು, ಕೇಳಿ ಮರೆಯುವಂಥದ್ದು. ನಾನು ದಾಟಿಸಿದೊಡನೆ ಅದು ಮನೆಯ ಮಾತಾಗುತ್ತಿತ್ತು, ಬಾಗಿಲ ಹಿಂದೆಯೂ ಕೇಳುತ್ತಿತ್ತು. “ನಾಳಿಂದ ಕೆಳಗಿನ ಕೇರಿಯವ್ರೂ ಈ ಬಾವಿ ನೀರು ಸೇದ್ತಾರಂತ್ರಿ ಮಾವಾರ. ಯಾರೂ ಅಡ್ಡ ಬರಬಾರದಂತ,” ಎಂಬ ವಾಕ್ಯ ನನ್ನ ಬಾಯಿಂದ ಬಂತು. ಅಷ್ಟು ಧೈರ್ಯದ ಮಾತನ್ನು ಹುಟ್ಟಿದಂದಿನಿಂದ ನಾನು ಆಡಿರಲಿಲ್ಲ.

“ಇದು ಆ ಹೆಣ್ಮಗಳ ಮಾತೋ, ನಿನ್ನ ಮಾತೋ?” ಎಂದರು ಮಾವ.

ನಾನು ಬಾಯಿ ತೆರೆಯುವ ಮೊದಲೇ ಅಂಗಳದಾಚೆಯಿಂದ ಶಾಂತವ್ವ, “ನನ್ನ ಮಾತ್ರಿ ಗೌಡ್ರ,” ಎಂದಳು.

ಮಾವ ಆಕೆಯನ್ನು ನೋಡಲಿಲ್ಲ. “ನೋಡೂಣು,” ಎಂದರು. ಅದರ ಅರ್ಥವೇನೆಂದು ಕುಸುಮತಾಯಿ ನನ್ನನ್ನು ಕೇಳಿದರು. ಮರಾಠಿಯ ‘ಬಘೂಯಾ’ ಎಂದೆ. ಎರಡೂ ಭಾಷೆಗಳಲ್ಲಿ ಅದಕ್ಕೆ ‘ಇಲ್ಲ’ವೆಂದೇ ಅರ್ಥ.

ಮರುದಿನ ಬೆಳಗ್ಗೆ ಶಾಂತವ್ವನೂ ಕೇರಿಯ ಕೆಲವು ಹೆಂಗಸರೂ ಕೊಡ ಹೊತ್ತು ಮೇಲಿನ ಬಾವಿಗೆ ಬಂದರು. ಕುಸುಮತಾಯಿ ಒಂದು ಮಗ್ಗುಲಿಗೆ ಕೊಡೆ ಹಿಡಿದು ನಿಂತರು, ನಾನು ಅವರ ಹಿಂದೆ. ನೀರಿಗೆ ಬಂದಿದ್ದ ಒಕ್ಕಲು ಮನೆಗಳ ಹೆಂಗಸರು ಒಬ್ಬೊಬ್ಬರಾಗಿ ಖಾಲಿ ಕೊಡದೊಡನೆ ಹಿಂದೆ ಸರಿದರು. ಸರಿಯದೆ ಉಳಿದವಳು ನಮ್ಮ ಅತ್ತೆ ಒಬ್ಬಳೇ. ಆಕೆ ಅರ್ಧ ಸೇದಿದ್ದಳು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವ ಅಭ್ಯಾಸ ಆಕೆಗಿರಲಿಲ್ಲ. ಎದುರಿನ ಕಟ್ಟೆಯ ಮೇಲಿನಿಂದ ಗಂಡಸರು ನೋಡುತ್ತಿದ್ದರು. ಯಾರೂ ಮಾತಾಡಲಿಲ್ಲ, ಹಾಗಾಗಿ ನನಗೂ ಕೆಲಸವಿರಲಿಲ್ಲ.

ಶಾಂತವ್ವ ಬಾವಿಯ ಇನ್ನೊಂದು ರಾಟೆಯ ಗಾಲಿಗೆ ತನ್ನ ಹಗ್ಗ ಹಾಕಿ ಕೊಡ ಇಳಿಬಿಟ್ಟಳು. ಹಗ್ಗ ಮುಗಿಯಿತು, ನೀರು ಬರಲಿಲ್ಲ. ತಗ್ಗು ಬಾವಿಗೆಂದು ಮಾಡಿದ ಹಗ್ಗ ಅದು. ಕೊಡ ನೀರಿನ ಮೇಲೆ ಗಾಳಿಯಲ್ಲಿ ತೂಗಾಡಿತು. ಕಟ್ಟೆಯ ಮೇಲೆ ಯಾರೋ ನಕ್ಕರು. ಶಾಂತವ್ವ ಬಾವಿಯ ಅಂಚಿನ ಮೇಲೆ ಹೊಟ್ಟೆಯಿಟ್ಟು ಬಗ್ಗಿದಳು, ಆದರೂ ಬರಲಿಲ್ಲ. ನಗು ಹೆಚ್ಚಾಯಿತು.

ಅತ್ತೆ ತನ್ನ ಕೊಡ ತುಂಬಿಸಿದಳು, ಸಿಂಬಿ ಇಟ್ಟುಕೊಂಡು ತಲೆಗೇರಿಸಿದಳು. ನಮ್ಮಲ್ಲಿ ಹಗ್ಗ ಯಾರದೋ ಅವರು ಸುತ್ತಿ ಮನೆಗೆ ಒಯ್ಯುವುದು ರೂಢಿ. ಅತ್ತೆ ಸುತ್ತಲಿಲ್ಲ. ಹಗ್ಗವನ್ನು ಗಾಲಿಯ ಮೇಲೆಯೇ ಬಿಟ್ಟು, ಯಾರ ಮುಖವನ್ನೂ ನೋಡದೆ, ನಗುತ್ತಿದ್ದ ಗಂಡಸರ ಮುಂದೆಯೇ ಹಾದು ಮನೆಗೆ ನಡೆದಳು. ಶಾಂತವ್ವ ಒಂದು ಕ್ಷಣ ಕಾದು, ಆ ಹಗ್ಗಕ್ಕೆ ತನ್ನ ಕೊಡ ಕಟ್ಟಿದಳು.

ಮುಂದಿನದು ಸಾವಕಾಶವಾಗಿ ಆಯಿತು. ಉಳಿದ ಒಕ್ಕಲು ಮನೆಗಳವರು ಮೈಲಿಗೆಯೆಂದು ಹೊಲದ ಬಾವಿಗಳಿಂದ ನೀರು ತಂದರು. ಹೊಲ ದೂರ, ಕೊಡ ಭಾರ. ಸುಗ್ಗಿ ಬರುವ ಹೊತ್ತಿಗೆ ಎಲ್ಲರೂ ಬಾವಿಗೆ ಮರಳಿದ್ದರು. ಮನಸ್ಸು ಬದಲಾಗಿತ್ತೆಂದು ನಾನು ಹೇಳಲಾರೆ, ಕಾಲು ನೋಯುತ್ತಿದ್ದವು. ಮಾವ ಬಹಳ ದಿನ ಅತ್ತೆಯೊಡನೆ ಮಾತು ಬಿಟ್ಟರಂತೆ. ಅವರು ಆಡುತ್ತಿದ್ದುದೇ ರೊಟ್ಟಿ ಹಾಕು ಎಂಬ ಮಾತಾದ್ದರಿಂದ, ಅತ್ತೆ ಕೇಳುವ ಮೊದಲೇ ಹಾಕಿ ತೊಂದರೆ ತಪ್ಪಿಸಿದಳು. ನನ್ನ ಮದುವೆಯ ಮಾತು ಮುರಿಯಿತು. ಇಷ್ಟು ಮಾತಾಡುವ ಹುಡುಗಿ ಬೇಡವೆಂದರು. ಆಡಿದ್ದರಲ್ಲಿ ಒಂದು ಮಾತೂ ನನ್ನದಲ್ಲವೆಂದು ಹೇಳಿಕಳಿಸಬಹುದಿತ್ತು. ಅಷ್ಟರಲ್ಲಿ ಹಾಗೆ ಹೇಳಿಕೊಳ್ಳುವ ಮನಸ್ಸು ನನಗಿರಲಿಲ್ಲ. ಅಪ್ಪನಿಗೆ ಮಕ್ಕಳ ಮೈಯ ಗಾಯಗಳ ಬಗ್ಗೆ ಹೇಳಿದೆ, ದಾಟಿಸದೆ, ನನ್ನದೇ ಮಾತಿನಲ್ಲಿ. ಅವರು ಊಟ ಬಿಟ್ಟೆದ್ದರು. ಆಮೇಲೆ, ಬಣ್ಣದ ನೀರು ಹಳ್ಳಕ್ಕೆ ಹೋಗದಂತೆ, ಕಾರಖಾನೆಯ ಹಿಂದೆ ಹೊಂಡ ತೋಡಿಸಿದರು. ಅಕ್ಕಪಕ್ಕದವರು ತೋಡಿಸಲಿಲ್ಲ. ಕುಸುಮತಾಯಿ ಈಗ ಅವರ ಅಂಗಡಿಗಳಲ್ಲಿ ಚಹಾ ಕುಡಿಯುತ್ತಿದ್ದರು, ಜೊತೆಗೆ ಶಾಂತವ್ವನೂ ಹೋಗುತ್ತಿದ್ದಳು, ನಾನೂ.

ಒಮ್ಮೆ ಅತ್ತೆ ತವರಿಗೆ ಬಂದಾಗ, ಅಂದು ಹಗ್ಗ ಬಿಟ್ಟುಬಂದದ್ದು ಏಕೆ ಎಂದು ಕೇಳಿದೆ. ಆಕೆ ಶೇಂಗಾ ಸುಲಿಯುತ್ತಿದ್ದಳು.

“ತೊಯ್ದಿತ್ತು. ತೊಯ್ದ ಹಗ್ಗಾ ಭಾಳ ವಜ್ಜಿ, ಹೊರೂದು ಯಾರು,” ಎಂದಳು.

“ಮತ್ತ ಮರದಿನ ಯಾಕ ಬಿಟ್ಟು ಬಂದಿ, ಅತ್ತಿ?”

ಕೈಯಲ್ಲಿದ್ದ ಕಾಯಿ ಒಡೆದು ಬೀಜ ನನ್ನ ಅಂಗೈಗೆ ಹಾಕಿ, “ಮರದಿನಾನೂ ತೊಯ್ದಿತ್ತು,” ಎಂದಳು.