ಅತ್ತೆ ಕಸಿದಿಟ್ಟ ಗುಳಿಗೆ

ಎಪ್ಪತ್ತರ ದಶಕದ ಕೊನೆಯ ಮಾತು. ಸಿರುಗುಪ್ಪಕ್ಕೆ ಕೊಟ್ಟಿದ್ದ ನಮ್ಮಕ್ಕನ ಎದೆಬಡಿತ ತಾಳ ತಪ್ಪಿತ್ತು. ಕೈ ಹಿಡಿದು ನೋಡಿದರೆ ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತೇಬಿಟ್ಟಿತು ಅನ್ನಿಸುತ್ತಿತ್ತು. ಕೊಡ ಎತ್ತಿದರೆ ಏದುಸಿರು. ಅವಳ ಪಾಲಿನ ಕೆಲಸ ಮಾಡಲು ಕುರುಗೋಡಿನಿಂದ ನನ್ನನ್ನು ಕರೆಸಿಕೊಂಡರು. ನನಗಾಗ ಹತ್ತೊಂಬತ್ತು.

ಬಳ್ಳಾರಿಯ ಡಾಕ್ಟರು ಎರಡು ದಾರಿ ಹೇಳಿದರು. ಬಡಿತ ನಿಧಾನ ಮಾಡುವ ಗುಳಿಗೆ ನುಂಗುತ್ತ ಹಾಗೇ ಇರುವುದು. ಇಲ್ಲವೇ ಮಂಪರು ಬರಿಸಿ, ಎದೆಗೆ ಕರೆಂಟು ಕೊಟ್ಟು ಸರಿಮಾಡುವುದು.

"ಒಳಗ ರಕ್ತ ಹೆಪ್ಪುಗಟ್ಟಿರ್ತೈತಿ. ಬಡಿತ ಸರಿ ಆದಮ್ಯಾಗ ಅದು ಕಿತ್ಕೊಂಡು ಮಿದುಳಿಗೆ ಹೋಗಬಹುದು. ಅದಕ್ಕ ಮೊದಲು ಮೂರು ವಾರ ರಕ್ತ ತಿಳಿ ಮಾಡೋ ಗುಳಿಗಿ ತಗೋಬೇಕು. ಒಂದಿನ ತಪ್ಪಿದ್ರೂ ಮತ್ತ ಮೊದಲಿಂದ" ಎಂದರು.

ಭಾವ ಕರೆಂಟಿಗೇ ಒಪ್ಪಿದ. "ಅರ್ಧ ಹೆಣ್ತೀನ್ನ ಕಟ್ಕೊಂಡು ಎಷ್ಟು ದಿನ ಬಾಳೇವು ಮಾಡ್ಲಿ?" ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕನ ಎದುರಿಗೇ ಅಂದ. ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಗುಳಿಗೆ ಶುರುವಾಗಿ ಆರನೇ ದಿನಕ್ಕೆ ಅಕ್ಕ ಮುಟ್ಟಾದಳು. ಸ್ರಾವ ನಿಲ್ಲಲೇ ಇಲ್ಲ. ಅವಳ ಅತ್ತೆ ಗುಳಿಗೆಯ ಡಬ್ಬಿ ಕಸಿದು ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಮನೀಗೆಲ್ಲಾ ಮೈಲಿಗಿ ಮಾಡೋದು ಎಂಥಾ ಔಷಧ?" ಎಂದಳು. ಹತ್ತು ದಿನ ಕೊಡಲಿಲ್ಲ. ನಾಟಿಯ ಕೆಲಸದ ನೆಪ ಹೇಳಿ ನಡುವೆ ಮಾಡಿಸಲು ಡಾಕ್ಟರು ಹೇಳಿದ್ದ ರಕ್ತಪರೀಕ್ಷೆಗೂ ಕಳಿಸಲಿಲ್ಲ. ಸ್ರಾವ ನಿಂತ ಮೇಲೆ, ಕೊನೆಯ ಐದು ದಿನ ಡಬ್ಬಿ ನನ್ನ ಕೈಗೆ ಬಂತು.

ಬಳ್ಳಾರಿಗೆ ಹೋದ ದಿನ ಪರೀಕ್ಷೆ ಮಾಡಿದಾಗ ರಕ್ತ ಬೇಕಾದಷ್ಟು ತಿಳಿಯಾಗಿಯೇ ಇತ್ತು. ಆದರೂ ಡಾಕ್ಟರು ಕೇಳಿದರು: "ನಡುವ ಎಂದಾದ್ರೂ ಗುಳಿಗಿ ತಪ್ಪಿತ್ತೇನಮ್ಮಾ?"

ಅಕ್ಕ ಭಾವನ ಮುಖ ನೋಡಿದಳು. ಆಮೇಲೆ, "ನನ್ನ ತಂಗೀನ್ನ ಕೇಳ್ರಿ, ಅಕೀನ ಕೊಡತಿದ್ಲು" ಎಂದಳು.

ತಾನು ಹೇಳಲಾರದ್ದನ್ನು ನಾನು ಹೇಳಲಿ ಎಂದೇ ಹಾಗಂದಳು. ನನಗೆ ತಿಳಿಯಿತು. ತಪ್ಪಿತ್ತು ಎಂದರೆ ಇನ್ನೂ ಮೂರು ವಾರ ಆ ಮನೆಯ ಮುಸುರೆ, ಆ ಮುದುಕಿಯ ಬೈಗುಳ ಎಂಬುದೂ ತಿಳಿದಿತ್ತು.

"ಒಂದಿನಾನೂ ತಪ್ಪಿಲ್ರಿ" ಎಂದೆ.

ಕರೆಂಟು ಕೊಟ್ಟ ಮೇಲೆ ನಾಡಿ ನೇರವಾಗಿ ನಡೆಯಿತು. ಅಕ್ಕ ನಕ್ಕು, "ಎದಿ ಹಗುರಾಗೈತಿ" ಎಂದಳು. ಮೂರನೇ ದಿನ ಆಸ್ಪತ್ರೆಯಲ್ಲೇ ಚಹಾದ ಲೋಟ ಅವಳ ಬಲಗೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ವಾಲಿದಳು. ಬಾಯಿ ಸೊಟ್ಟಗಾಗಿತ್ತು. ಮಾತು ಹೋಯಿತು, ಬಲಭಾಗವೂ ಹೋಯಿತು.

ಅತ್ತೆ ಬಂದು ಅವಳ ಬಲಗೈ ಎತ್ತಿ ಬಿಟ್ಟಳು. ಅದು ಹಾಸಿಗೆಯ ಮೇಲೆ ಬಿತ್ತು. "ಇಕೀನ್ನ ಒಯ್ದು ನಾವೇನ್ ಮಾಡೋಣು? ತವರಿಗೆ ಕಳಿಸ್ರಿ" ಎಂದಳು. ಭಾವ ಮರುವರ್ಷವೇ ಇನ್ನೊಂದು ಮದುವೆಯಾದ.

ಕುರುಗೋಡಿನಲ್ಲಿ ಅಕ್ಕನಿಗೆ ಉಣಿಸುವ ಕೆಲಸ ನನ್ನದಾಯಿತು. ಅವಳಿಗೆ ಮಾತು ಬರುತ್ತಿರಲಿಲ್ಲ, ಆದರೆ ಅರ್ಥವಾಗುತ್ತಿತ್ತು. ಒಂದು ಮಧ್ಯಾಹ್ನ ತಡೆಯಲಾರದೆ ಹೇಳಿಬಿಟ್ಟೆ: "ಮನೀಗೆ ಹೋಗೋ ಆಸಿಗೆ ಸುಳ್ಳು ಹೇಳಿದ್ನಕ್ಕಾ."

ಅವಳು ನನ್ನನ್ನೇ ನೋಡಿದಳು. ಬಾಯಲ್ಲಿದ್ದ ತುತ್ತನ್ನು ನಾಲಿಗೆಯಿಂದ ನಿಧಾನವಾಗಿ ಹೊರಗೆ ತಳ್ಳಿದಳು.

ಆಮೇಲೆ ಐದು ವರ್ಷ ಬದುಕಿದ್ದಳು. ಅವ್ವನ ಕೈಯಿಂದ ಉಂಡಳು, ನೆರೆಮನೆಯವರ ಕೈಯಿಂದಲೂ ಉಂಡಳು. ನನ್ನ ಕೈಯಿಂದ ನೀರು ಸಹ ಕುಡಿಯಲಿಲ್ಲ.