ಶಾಸಕ ಬಸವಂತಪ್ಪನವರ ಧರಣಿ

ಅಮೆರಿಕದಲ್ಲಿರುವ ನಮ್ಮ ಬೆರ್ರಿಯೆಸಾ ಊರಿನ ಶಾಸಕ ಬಸವಂತಪ್ಪನವರು ನೆಲದ ಮೇಲೆ ಕೂತರೆಂದರೆ ಭೂದೇವಿಯೇ ಸರಿದು ಜಾಗ ಬಿಡುತ್ತಾಳೆಂದು ಪ್ರತೀತಿ. ಎಲ್ಲಾದರೂ ಗುಂಡು ಹಾರಿದರೆ ಸಾಕು, ಬಂದೂಕು ನಿಯಂತ್ರಣದ ಮಸೂದೆಗಾಗಿ ಸದನದ ನಡುವೆ ಅವರ ಧರಣಿ. ಕೂರುವ ಮುನ್ನ ತಲೆ ಬಾಚಿಕೊಂಡು, "ಕ್ಯಾಮೆರಾ ಎಲ್ಲೈತ್ರೀ?" ಎನ್ನುತ್ತಾರೆ. ಜೊತೆಯ ಶಾಸಕರು ಮಂಡಿ ನೋವೆಂದು ಅರ್ಧ ಗಂಟೆಗೇ ಎದ್ದರೂ, ಇವರು ಮದುವೆ ಪಂಕ್ತಿಯಲ್ಲಿ ಹೋಳಿಗೆಗೆ ಕಾದವರಂತೆ ಚಕ್ಕಳಮಕ್ಕಳ ಹಾಕಿ ಸಂಜೆಯವರೆಗೆ ಕದಲುವುದಿಲ್ಲ. ಮೊನ್ನೆ ಮಾತ್ರ ಮೇಜಿನ ಕೆಳಗೆ ನುಸುಳಿ, ಮಂಡಿಗೆ ತಲೆಯೊತ್ತಿ, ಬಾಯಿ ಮುಚ್ಚಿಕೊಂಡು ಮುದುಡಿ ಕೂತುಬಿಟ್ಟರು. ಸದನವೇ ದಂಗಾಯಿತು, ಕ್ಯಾಮೆರಾಕ್ಕೆ ಮುಖವೇ ಕಾಣದು! ಪತ್ರಿಕೆಯವನಾದ ನಾನು ಬಗ್ಗಿ, "ಇದ್ಯಾವ ಹೊಸ ನಾಟಕ ಸಾರ್?" ಎಂದೆ. "ಹಿಂದಿನವು ಅರ್ಧ ನಾಟಕ ಖರೇರಿ. ಸಾಲ್ಯಾಗ ಗುಂಡು ಹಾರಿದ್ರ ಹಿಂಗ ಕೂಡಬೇಕಂತ ನನ್ನ ಮಗಳಿಗೆ ಕಲಿಸ್ಯಾರ. ನನಗ ಐದು ನಿಮಿಷನೂ ಆಗವಲ್ದು."